ಬೀಜ ಕಟ್ಟದ ಗಿಡ

ಜನವರಿ ೯

ಜ್ವರ ಬಿಟ್ಟಿದೆ. ನೆಗಡಿ ಮಾತ್ರ ಏಳಲು ಮನಸ್ಸಿಲ್ಲದ ನೆಂಟನ ಹಾಗೆ ತಲೆಯಲ್ಲೇ ಕೂತಿದೆ. ಇವತ್ತು ಮೊದಲ ಸಲ ಮಹಡಿಯಿಂದ ಇಳಿದು ಹೋಟೆಲಿನ ಅಡುಗೆಮನೆಗೆ ಹೋದೆ. ನಾನು ಮಲಗಿದ್ದಷ್ಟು ದಿನವೂ ಹೋಟೆಲು ನಡೆದಿದೆ. ಹೇಗೆ ನಡೆಯಿತು ಎಂದು ಇವರನ್ನು ಕೇಳಿದರೆ "ಎಲ್ಲ ಚೆನ್ನಾಗೇ ನಡೀತು ಕಣೆ" ಎಂದರು. ಚೆನ್ನಾಗಿ ನಡೆದಿದ್ದರೆ ಒಂದಾದರೂ ವಿವರ ಹೇಳುತ್ತಿದ್ದರು.

ಕಿಟಕಿ ಪಕ್ಕದ ಒಲೆ ನನ್ನದು. ಅಲ್ಲಿ ಮೈದುನನ ಹೆಂಡತಿ ನಿಂತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕವಳು ಎನ್ನುವುದು. ನನ್ನನ್ನು ಕಂಡವಳೇ ಪಕ್ಕಕ್ಕೆ ಸರಿದಳು. ಸರಿದದ್ದು ಸರಿ, ಅಷ್ಟು ಬೇಗ ಯಾಕೆ ಸರಿಯಬೇಕಿತ್ತು? ನನ್ನ ಚಾಕು ಬೇರೆ ಮೊಳೆಯಲ್ಲಿ ತೂಗುತ್ತಿತ್ತು.

ಹಿತ್ತಲಿನ ಟ್ಯಾರಗನ್ ಸೊಪ್ಪಿನ ಪಾತಿ ಬೋಳಾಗಿದೆ. ಪ್ರತಿ ಚಳಿಗಾಲದಲ್ಲೂ ಹೀಗೆಯೇ: ಮೇಲಿನದೆಲ್ಲ ಒಣಗಿ, ಬೇರು ಮಣ್ಣೊಳಗೆ ಮಲಗಿರುತ್ತದೆ. ಅತ್ತೆ ತಾವು ಕೆಲಸ ಕಲಿತ ಅಡುಗೆಮನೆಯಿಂದ ಒಂದು ತುಂಡು ಬೇರು ತಂದು ನೆಟ್ಟದ್ದು. ನಮ್ಮ ಹೋಟೆಲಿಗೆ ಜನ ಹುಡುಕಿಕೊಂಡು ಬರುವುದು ಆ ಸೊಪ್ಪಿಗಾಗಿ. ಮೊಟ್ಟೆಗೆ, ಮೀನಿಗೆ, ಕೋಳಿಯ ಬಿಳಿ ಸಾಸಿಗೆ ಅದೇ ಬೇಕು. ಬೇಸಿಗೆಯಲ್ಲಿ ಅದರ ಕಡ್ಡಿಗಳನ್ನು ವಿನಿಗರ್ ಜಾಡಿಗಳಲ್ಲಿ ಇಳಿಸಿಟ್ಟರೆ ಚಳಿಗಾಲವನ್ನೂ ದಾಟಿಸುತ್ತದೆ.

ಪಾತಿಯ ಒಂದು ಮೂಲೆಯಲ್ಲಿ ಮಣ್ಣು ಕೆದಕಿದ ಗುರುತಿದೆ. ಬೆಕ್ಕಿರಬಹುದು. ಆದರೆ ಬೆಕ್ಕು ಕೆದಕಿದ ಮೇಲೆ ಅಂಗೈಯಿಂದ ತಟ್ಟಿ ಸಮ ಮಾಡುವುದಿಲ್ಲ.

ಜನವರಿ ೨೧

ಕಾಫಿಪುಡಿಯ ಅಂಗಡಿ ಬದಲಾಯಿಸಿ ಎಂದು ಇವರಿಗೆ ಹೇಳಿದೆ. ಕಹಿ ಇದೆ, ಕಾಫಿ ಇಲ್ಲ. ಮೈಸೋಪೂ ಹಾಗೆಯೇ. ನೊರೆ ಕೊಡುತ್ತಾರೆ, ಪರಿಮಳ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಈಚೆಗೆ ಯಾವ ಅಂಗಡಿಯವನನ್ನೂ ನಂಬುವ ಹಾಗಿಲ್ಲ.

ಮಧ್ಯಾಹ್ನ ಮಲಗಿಕೊಂಡು ಕಾದಂಬರಿ ಓದಿದೆ. ಬೇರೆ ಭಾಷೆಯಿಂದ ಬಂದದ್ದು. ಊಟದ ದೃಶ್ಯವೊಂದು ತೀರ ಚಿಕ್ಕದಾಗಿದೆ. ಅನುವಾದಕ ಎರಡು ಸಾಲು ನುಂಗಿದ್ದಾನೆ ಎಂದು ನನ್ನ ಗುಮಾನಿ.

ಫೆಬ್ರವರಿ ೪

ವಿನಿಗರ್ ಜಾಡಿ ತೆರೆದೆ. ಹುಳಿ ಇತ್ತು, ಅಷ್ಟೇ. ಸೋಂಪನ್ನು ಹಸಿ ಹುಲ್ಲಿನಲ್ಲಿ ಸುತ್ತಿಟ್ಟಂಥ ಆ ವಾಸನೆ, ಮುಚ್ಚಳ ತೆಗೆದರೆ ಅಡುಗೆಮನೆಯಲ್ಲೆಲ್ಲ ಓಡಾಡುತ್ತಿದ್ದದ್ದು, ಇಲ್ಲವೇ ಇಲ್ಲ. ಇನ್ನೊಂದು ಜಾಡಿ ತೆರೆದೆ. ಅದೂ ಬರಿ ಹುಳಿ.

ಈ ಜಾಡಿಗಳನ್ನು ಹೋದ ಬೇಸಿಗೆಯಲ್ಲಿ ತುಂಬಿದವಳು ನಾನು. ಆಗ ಸರಿಯಾಗಿದ್ದವು. ನಾನು ಮಲಗಿದ್ದಾಗ ಉಗ್ರಾಣದ ಬೀಗದಕೈ ಚಿಕ್ಕವಳ ಸೊಂಟದಲ್ಲಿತ್ತು.

ಸಾಯಂಕಾಲ ಅವಳು ಸೆರಗಿನ ಮರೆಯಲ್ಲಿ ಒಂದು ಜಾಡಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು.

"ಏನದು?"

"ಒಡೆದಿದೆ ಅಕ್ಕಾ, ಎಸೆಯೋಣ ಅಂತ."

ಒಡೆದಿರಲಿಲ್ಲ. ನನಗೆ ಕಣ್ಣಿದೆ. ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡರೆ ಲೋಕಕ್ಕೆ ಕಾಣುವುದಿಲ್ಲವೇ? ಚರಂಡಿಗೆ ಸುರಿದು, ಜಾಡಿ ತೊಳೆದು, ಬಿಸಿಲಿಗೆ ಇಟ್ಟಳು. ನಾಳೆ ಅದರಲ್ಲಿ ಬರಿ ವಿನಿಗರ್ ತುಂಬಿ ಕಡ್ಡಿಯೊಂದನ್ನು ಮುಳುಗಿಸಿಟ್ಟರೆ ಯಾರಿಗೆ ಗೊತ್ತಾಗಬೇಕು?

ಫೆಬ್ರವರಿ ೧೬

ಈ ಮನೆಯಲ್ಲಿ ಅತ್ತೆಯ ಕಾಲದಿಂದ ಒಂದು ಪದ್ಧತಿ. ಯಾವ ತಟ್ಟೆಯೂ ಮೂಗಿಗೆ ಹಿಡಿಯದೆ ಹೊರಗೆ ಹೋಗುವುದಿಲ್ಲ. ಮೂಗಿಗೆ ಹಿಡಿದವರು "ಕಳಿಸು" ಎನ್ನಬೇಕು. ಆಮೇಲೆಯೇ ಇವರು ತಟ್ಟೆ ಎತ್ತಿಕೊಂಡು ಮೇಜಿಗೆ ಹೋಗುವುದು. ಅತ್ತೆಗೆ ಮಂಡಿನೋವು ಬಂದು ಮಹಡಿ ಇಳಿಯಲಾಗದೆ ಹೋದಾಗ ಆ ಮಾತು ನನಗೆ ಬಂತು. "ಇನ್ಮೇಲೆ ಈ ಮನೆಗೆ ನೀನೇ ಮೂಗು" ಎಂದಿದ್ದರು. ಚಿಕ್ಕವಳು ಅಲ್ಲೇ ಈರುಳ್ಳಿ ಸುಲಿಯುತ್ತಿದ್ದಳು. ಅವಳು ಅದನ್ನು ಮರೆತಿರುತ್ತಾಳೆಯೇ?

ಇವತ್ತು ಮೀನಿನ ತಟ್ಟೆಗಳನ್ನು ನೋಡಿ "ಕಳಿಸು" ಎಂದೆ. ಇವರು ಕೈ ಚಾಚುವಷ್ಟರಲ್ಲಿ ಚಿಕ್ಕವಳು ತಾನೇ ಇಡೀ ಟ್ರೇ ಎತ್ತಿಕೊಂಡಳು. ಮರುಕ್ಷಣ ಎಲ್ಲ ನೆಲದ ಮೇಲಿತ್ತು.

"ಕೈ ಜಾರ್ತು ಅಕ್ಕಾ."

ಬಂದ ದಿನದಿಂದ ಒಂದು ಚಮಚ ಬೀಳಿಸಿದವಳಲ್ಲ. ಹೊರಗೆ ಗಿರಾಕಿಗಳು ಕಾದಿದ್ದರು. ಯಾರಿಗೆ ಕೆಟ್ಟ ಹೆಸರು? ಅಡುಗೆಮನೆ ನೋಡಿಕೊಳ್ಳುವವಳಿಗೆ.

ನೆಲ ಒರೆಸುವಾಗ ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಮಹಾರಾಣಿ.

ಮಾರ್ಚ್ ೧೧

ಟ್ಯಾರಗನ್ ಚಿಗುರಿದೆ. ಓಡಿಹೋಗಿ ಒಂದು ಎಲೆ ಕಿತ್ತು ಬೆರಳಲ್ಲಿ ತಿಕ್ಕಿದೆ. ಏನೂ ಇಲ್ಲ. ಇನ್ನೊಂದು ತಿಕ್ಕಿದೆ. ನೀರು ನೀರು.

ಎಲೆ ಅಗಿದು ನೋಡುವ ಅಭ್ಯಾಸ ನನಗಿಲ್ಲ, ನಾನು ಮೂಗಿನವಳು. ಆದರೂ ಇವತ್ತು ಅಗಿದೆ. ರುಚಿಯಿಲ್ಲ. ಆದರೆ ನಾಲಗೆಯ ತುದಿ ಜುಮ್ಮೆಂದಿತು, ತುಟಿಯವರೆಗೂ ಮರಗಟ್ಟಿದ ಹಾಗಾಯಿತು. ಏನೋ ಔಷಧಿ ಹೊಡೆದಿದ್ದಾಳೆ. ಉಗಿದು ಬಾಯಿ ತೊಳೆದುಕೊಂಡೆ.

ಈಗ ಎಲ್ಲ ಕೂಡಿಬರುತ್ತದೆ. ಚಳಿಗಾಲದಲ್ಲಿ ಪಾತಿ ಬೋಳು. ಬೇರು ತೆಗೆದು ಬೇರೆ ಬೇರು ಹೂತರೆ ನೋಡುವವರಿಗೆ ಎರಡೂ ಒಂದೇ ಮಣ್ಣು. ಆ ಮೂಲೆ ಬೆಕ್ಕು ಕೆದಕಿದ್ದಲ್ಲ.

ಮಾರ್ಚ್ ೨೩

ನರ್ಸರಿಯವನನ್ನು ಕರೆಸಿದೆ. ಚಿಕ್ಕವಳು ಬಟ್ಟೆ ಒಗೆಯಲು ಕೂತ ಹೊತ್ತು ನೋಡಿ ಕರೆಸಿದೆ.

"ಇದು ನಿಜವಾದದ್ದಾ, ಕಾಡುಜಾತಿಯದಾ, ನೋಡಿ ಹೇಳಪ್ಪ."

ಅವನು ಎಲೆ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದ. "ಅಮ್ಮಾ, ಇದಕ್ಕಿಂತ ನಿಜವಾದದ್ದು ಎಲ್ಲಿಂದ ತರೋದು? ನಾಲಗೆ ಜುಮ್ಮಂತಿಲ್ವಾ? ಅದೇ ಗುರುತು. ಕಾಡುಜಾತಿ ಅಗಿದ್ರೆ ಹುಲ್ಲು ಅಗಿದ ಹಾಗೆ."

"ಜುಮ್ಮನ್ನೋದು ಔಷಧಿಯಿಂದ ಇರಬಹುದಲ್ಲ?"

ಅವನು ನಕ್ಕ. "ಅನುಮಾನ ಇದ್ರೆ ಕಾದು ನೋಡಿ. ನಿಜವಾದ ಟ್ಯಾರಗನ್ ಬೀಜ ಕಟ್ಟಲ್ಲ. ಬೇರು ಪಾಲು ಮಾಡಿ ನೆಟ್ರೇನೇ ವಂಶ. ಕಾಡುಜಾತಿ ಆಳೆತ್ತರ ಬೆಳೆದು, ಹೂಬಿಟ್ಟು, ಬೀಜ ಉದುರಿಸುತ್ತೆ. ಹಸಿರಾಗಿರೋದೆಲ್ಲ ಟ್ಯಾರಗನ್ ಅಲ್ಲಮ್ಮಾ."

ಹೋಗುವಾಗ "ಚಿಕ್ಕಮ್ಮೋರು ಚೆನ್ನಾಗಿದಾರಾ?" ಎಂದು ಕೇಳಿದ. ಅವಳ ಆರೋಗ್ಯ ಇವನಿಗೇಕೆ? ಹೋದ ವರ್ಷ ಅವಳಿಗೆ ಇವನು ಒಂದು ಮಣ್ಣಿನ ಕುಂಡ ಸುಮ್ಮನೆ ಕೊಟ್ಟಿದ್ದ. ಅವನ ಅಂಗಡಿಯಲ್ಲಿ ಮಾರುವುದೂ ಅಂಥ ಔಷಧಿಯನ್ನೇ.

ಏಪ್ರಿಲ್ ೨

ಸಿಕ್ಕಿತು.

ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ಅದೇ ಮಣ್ಣಿನ ಕುಂಡ. ಅದರಲ್ಲಿ ಟ್ಯಾರಗನ್, ಗೇಣುದ್ದ ಚಿಗುರಿದೆ. ನಾನು ತಾರಸಿಗೆ ಹತ್ತುವವಳಲ್ಲ ಎಂದು ಅವಳಿಗೆ ಗೊತ್ತು. ಅಂದರೆ ನಿಜವಾದ ಬೇರು ಮೇಲೆ, ಸುಳ್ಳು ಬೇರು ಕೆಳಗೆ. ಒಂದು ದಿನ ನಾನು ಸೋತು ಕೂತಾಗ ಇದನ್ನು ಇಳಿಸಿ ತಂದು "ನೋಡಿ, ನನ್ನ ಕೈಗುಣ" ಎನ್ನುವ ಲೆಕ್ಕಾಚಾರ.

ತಿಕ್ಕಿ ನೋಡಿದೆ. ಇದಕ್ಕೂ ವಾಸನೆ ಇಲ್ಲ. ಎಳೆಯದು, ಅದಕ್ಕೇ ಇರಬೇಕು.

ಕುಂಡವನ್ನು ಮುಟ್ಟದೆ ಇಳಿದುಬಂದೆ. ಸಾಕ್ಷಿ ಇದ್ದಲ್ಲೇ ಇರಲಿ.

ಏಪ್ರಿಲ್ ೧೫

ಇವತ್ತು ಅವಳು ಆಡಿದ ನಾಟಕವನ್ನು ಬರೆದಿಡುತ್ತೇನೆ.

ನಾನು ಒಬ್ಬಳೇ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಸಾಸಿನ ಒಲೆ ಹಚ್ಚಬೇಕೆಂದು ಬೆಂಕಿಪೊಟ್ಟಣ ಕೈಗೆತ್ತಿಕೊಂಡಿದ್ದೆ. ಚಿಕ್ಕವಳು ಹಿತ್ತಲಿನಿಂದ ಓಡಿಬಂದು ನನ್ನ ಕೈಗೆ ಹೊಡೆದಳು. ಹೌದು, ಹೊಡೆದಳು. ಕಡ್ಡಿಗಳು ಚೆಲ್ಲಾಪಿಲ್ಲಿಯಾದವು. ಸಿಲಿಂಡರ್ ತಿರುಗಿಸಿ ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನೆಲ್ಲ ದಡಬಡ ತೆರೆದು, ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಗ್ಯಾಸು ಅಕ್ಕಾ! ಮನೆಯೆಲ್ಲ ಗ್ಯಾಸು! ನಿಮಗೆ ಗೊತ್ತಾಗ್ಲಿಲ್ವಾ?"

"ನನ್ನ ಮೂಗಿನ ಹತ್ತಿರ ಮಾತಾಡ್ಬೇಡ ನೀನು."

"ಅದನ್ನೇ ಅಕ್ಕಾ ಹೇಳ್ಬೇಕು ಅಂತಿದ್ದೆ, ನಿಮ್ಮ ಮೂಗು..."

"ಏನು ನನ್ನ ಮೂಗು? ಅತ್ತೆ ನನಗೆ ಕೊಟ್ಟಿದ್ದನ್ನ ನೋಡಿ ನಿನಗೆ ಹೊಟ್ಟೆಯುರಿ. ಮೀನು ಬೀಳಿಸಿದ್ದಾಯ್ತು, ಈಗ ಇಲ್ಲದ ಗ್ಯಾಸು ತಂದ್ಯಾ?"

ಅವಳು ಮತ್ತೆ ಒಳಗೆ ಓಡಿ ಸಿಲಿಂಡರನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಂದಳು. ಒಳ್ಳೆಯ ನಟಿ. ವಾಸನೆ ಇರಲಿಲ್ಲ. ಒಂದು ಚೂರೂ ಇರಲಿಲ್ಲ.

ಇವರು ಬಂದು ಗಾಳಿ ಮೂಸಿ "ಇನ್ನೂ ಸ್ವಲ್ಪ ಇದೆ" ಎಂದರು. ಇವರನ್ನೂ ತನ್ನ ಕಡೆ ಹಾಕಿಕೊಂಡಿದ್ದಾಳೆ.

ಏಪ್ರಿಲ್ ೧೬

ಇವರಿಗೆ ಹೇಳಿಬಿಟ್ಟೆ. ಒಲೆ ಬೇರೆಯಾಗಲಿ. ಅವಳು ಮೈದುನನ ಜೊತೆ ಬೇರೆ ಮನೆ ನೋಡಿಕೊಳ್ಳಲಿ, ಈ ಅಡುಗೆಮನೆಗೆ ಕಾಲಿಡಬಾರದು. ಅವಳಿದ್ದರೆ ನಾನಿಲ್ಲ.

ಇವರು ಬಹಳ ಹೊತ್ತು ಲೋಟ ಒರೆಸಿದರು. "ತಮ್ಮ ಲಾರಿ ತಗೊಂಡು ದೂರ ಹೋಗಿದಾನೆ. ಈ ಸಲದ ಬಾಡಿಗೆಗಳು ಮುಗಿದು, ಮಳೆಗಾಲ ಕಳೆದು ಅವನು ಬರಲಿ. ನಾಲ್ಕು ಜನ ಕೂತು ಮಾತಾಡೋಣ. ಅಲ್ಲೀತನಕ ಈ ಮಾತು ಬೇಡ."

ಅತ್ತೆಗೆ ಕಾಫಿ ಕೊಡಲು ಹೋದಾಗ ಅವರು ನನ್ನ ಮುಖವನ್ನೇ ನೋಡಿದರು. "ಲೇ ದೊಡ್ಡೋಳೇ, ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

"ಯಾಕೆ ಹಾಗಂದ್ರಿ?"

"ಯಾಕೂ ಇಲ್ಲ. ಗಾದೆ ನೆನಪಾಯ್ತು. ಕಾಫಿ ಸೀದು ಹೋಗಿದೆ."

ಸೀದಿರಲಿಲ್ಲ.

ಮೇ ೩

ಪಾತಿಯನ್ನು ಇವತ್ತು ಖಾಲಿ ಮಾಡಿದೆ. ಚಿಕ್ಕವಳು ತವರಿಗೆ ಹೋಗಿದ್ದಳು. ಬೇರುಗಳು ಹಾವಿನ ಮರಿಗಳ ಹಾಗೆ ಹೆಣೆದುಕೊಂಡಿದ್ದವು, ಬಿಡಿಸಲು ಕಷ್ಟವಾಯಿತು. ಮತ್ತೆ ಯಾರೂ ಆರಿಸಿ ನೆಡದಿರಲಿ ಎಂದು ರಾಶಿ ಹಾಕಿ ಕುದಿಯುವ ನೀರು ಸುರಿದೆ. ಅದೇ ಜಾಗದಲ್ಲಿ ಸಂತೆಯಿಂದ ತಂದ ಸಸಿಗಳನ್ನು ನೆಟ್ಟೆ. "ಟ್ಯಾರಗನ್ನೇ" ಎಂದು ಆ ಹೆಂಗಸು ಗಟ್ಟಿಯಾಗಿ ಹೇಳಿದಳು; ಅವಳಿಗೂ ಚಿಕ್ಕವಳಿಗೂ ಪರಿಚಯವಿಲ್ಲ, ಅದನ್ನೂ ವಿಚಾರಿಸಿಕೊಂಡೇ ತಂದೆ. ಅಗಿದು ನೋಡಿದೆ. ನಾಲಗೆಯ ಮೇಲೆ ಆ ಔಷಧಿಯ ಜುಮ್ಮು ಇಲ್ಲ. ಶುದ್ಧವಾದ ಗಿಡ.

ಸಂಜೆ ಚಿಕ್ಕವಳು ಬಂದು ಪಾತಿಯ ಎದುರು ನಿಂತಳು. ಬೆಂದ ಬೇರುಗಳನ್ನು ಕಾಲಿನಿಂದ ಸರಿಸಿ ನೋಡಿದಳು. ಸೀದಾ ತಾರಸಿ ಹತ್ತಿದಳು, ಕೊಡದಲ್ಲಿ ನೀರು ತೆಗೆದುಕೊಂಡು. ತಪ್ಪಿಲ್ಲದವರಾದರೆ ಜಗಳಕ್ಕೆ ಬರುತ್ತಿದ್ದರು.

ಜೂನ್ ೧೪

ಹೊಸ ಗಿಡ ಬೆಳೆಯುತ್ತಿರುವ ಪರಿ ನೋಡಬೇಕು. ಆಗಲೇ ಸೊಂಟಕ್ಕೆ ಬಂದಿದೆ. ಹಳೆಯದು ಯಾವತ್ತೂ ಹೀಗೆ ಬೆಳೆಯಲಿಲ್ಲ. ಬೇಕಾದಷ್ಟು ಸೊಪ್ಪು. ಕೈತುಂಬ ಹಾಕುತ್ತಿದ್ದೇನೆ.

ಜುಲೈ ೮

ನಮ್ಮ ಖಾಯಂ ಗಿರಾಕಿ ಒಬ್ಬರಿದ್ದಾರೆ, ಎದುರಿನ ಗಡಿಯಾರ ರಿಪೇರಿಯವರು. ಎಷ್ಟೋ ವರ್ಷದಿಂದ ಮಧ್ಯಾಹ್ನ ಅವರಿಗೆ ಟ್ಯಾರಗನ್ ಹಾಕಿದ ಮೊಟ್ಟೆಯೇ ಆಗಬೇಕು. ಇವತ್ತು ಅರ್ಧ ತಟ್ಟೆಯಲ್ಲೇ ಬಿಟ್ಟು ಅಡುಗೆಮನೆ ಬಾಗಿಲಿಗೆ ಬಂದರು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನನ್ನನ್ನ ಹಸು ಅಂದ್ಕೊಂಡ್ರಾ? ಮೊಟ್ಟೆ ತುಂಬ ಹುಲ್ಲು ಹಾಕಿದೀರಲ್ಲ."

"ಅದೇ ಸೊಪ್ಪು. ಹೊಸದು."

"ನನ್ನ ಕೆಲಸದಲ್ಲಿ ಎರಡೂ ಮುಳ್ಳು ಇದ್ದು ಗಡಿಯಾರ ನಡೀದೇ ಇದ್ರೆ ಒಳಗೆ ಏನೋ ಇಲ್ಲ ಅಂತ ಅರ್ಥ" ಎಂದು ನಕ್ಕು ಹೋದರು.

ಅವರಿಗೆ ಯಾರು ಹೇಳಿಕೊಟ್ಟಿರಬಹುದು ಎಂದು ಯೋಚಿಸಿದೆ. ನೀರು ಬಡಿಸುವಾಗ ಚಿಕ್ಕವಳು ಅವರ ಮೇಜಿನ ಹತ್ತಿರ ನಿಂತಿದ್ದಳು. ಆದರೆ ಏನೂ ಮಾತಾಡಿದ ಹಾಗೆ ಕಾಣಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ.

ಜುಲೈ ೨೦

ಗಡಿಯಾರದವರು ಬರುತ್ತಿಲ್ಲ.

ಆಗಸ್ಟ್ ೧೭

ಗಿಡ ಹೂ ಬಿಟ್ಟಿದೆ. ಸಣ್ಣ ಸಣ್ಣ ಹಸಿರು ಹೂಗಳು. ಗಿಡ ನನಗಿಂತ ಎತ್ತರವಾಗಿದೆ. ನರ್ಸರಿಯವನು ಹೇಳಿದ್ದು ನೆನಪಾಯಿತು. ಅವನ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಆದರೂ ದಿನಾ ಬೆಳಿಗ್ಗೆ ಹೋಗಿ ನೋಡುತ್ತೇನೆ.

ಸೆಪ್ಟೆಂಬರ್ ೧೯

ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕಿದೆ. ಹೊಟ್ಟು ಊದಿದ ಮೇಲೆ ಬೀಜ ಉಳಿಯಿತು.

ಸೆಪ್ಟೆಂಬರ್ ೨೦

ಇವತ್ತು ಕೆಲಸ ಹಿಡಿಸಲಿಲ್ಲ. ಒಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು.

ಪಾತಿಯ ಗಿಡದ ಎಲೆ ಅಗಿದೆ. ಹುಲ್ಲು. ನಾಲಗೆಗೆ ಏನೂ ಆಗಲಿಲ್ಲ. ಬಾಯಿ ತೊಳೆದುಕೊಂಡು, ತಾರಸಿ ಹತ್ತಿ, ಟ್ಯಾಂಕಿನ ಹಿಂದಿನ ಕುಂಡದಿಂದ ಎಲೆ ಕಿತ್ತು ಅಗಿದೆ. ನಾಲಗೆ ಜುಮ್ಮೆಂದಿತು. ತುಟಿ ಮರಗಟ್ಟಿತು. ಮಾರ್ಚಿನಲ್ಲಿ ಪಾತಿಯ ಚಿಗುರು ಅಗಿದಾಗ ಆದದ್ದು ಇದೇ. ಈ ಕುಂಡಕ್ಕೆ ಹೂವಿಲ್ಲ, ಬೀಜವಿಲ್ಲ.

ಎರಡು ಗಿಡಗಳೂ ಬೇರೆ ಬೇರೆ ಎಂದು ನಾಲಗೆ ಹೇಳುತ್ತದೆ. ಮೂಗಿಗೆ ಎರಡೂ ಒಂದೇ.

ಇಳಿದುಬಂದು ಕಾಫಿಪುಡಿ ಡಬ್ಬಿ ತೆರೆದೆ. ಸೋಪು ಹಿಡಿದೆ. ಬೆಳ್ಳುಳ್ಳಿ ಜಜ್ಜಿದೆ. ಒಗೆಯಲು ಹಾಕಿದ್ದ ಇವರ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡೆ. ಆಮೇಲೆ ಒಲೆಯ ಗುಬುಟು ಸ್ವಲ್ಪ ತಿರುಗಿಸಿ, ಹಚ್ಚದೆ, ಬಗ್ಗಿ ಉಸಿರೆಳೆದುಕೊಂಡೆ. ಸುಯ್ಯೆನ್ನುವ ಸದ್ದು ಕೇಳಿಸಿತು. ಸದ್ದು ಮಾತ್ರ. ತಕ್ಷಣ ನಿಲ್ಲಿಸಿದೆ.

ಏಪ್ರಿಲ್‌ನಲ್ಲಿ ನನ್ನ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು.

ಸೆಪ್ಟೆಂಬರ್ ೨೬, ಭಾನುವಾರ

ಮೈದುನ ಬಂದಿದ್ದಾನೆ. ಹೋಟೆಲಿಗೆ ರಜ. ಅತ್ತೆಯ ಕೋಣೆಯಲ್ಲೇ ಎಲ್ಲರೂ ಕೂತರು. ಚಿಕ್ಕವಳು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಊದಿಕೊಂಡಿತ್ತು. ಪೆಟ್ಟಿಗೆ ಕಟ್ಟಿಟ್ಟಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.

ಇವರು ಗಂಟಲು ಸರಿಮಾಡಿಕೊಂಡರು. "ನಿನ್ನ ಅತ್ತಿಗೆ ಏನೋ ಹೇಳ್ಬೇಕಂತೆ ಕಣೋ."

"ಹೇಳಿ ಅತ್ತಿಗೆ" ಎಂದ ಮೈದುನ. "ಲಾರಿ ಓಡಿಸೋನಿಗೆ ತಿರುವು ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಕೂತಿದೀನಿ."

ಯಾರೂ ನಗಲಿಲ್ಲ. ನಾನು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಿದ್ದವು: ಜಾಡಿ, ಮೀನು, ಕುಂಡ, ಗ್ಯಾಸು. ಒಂದೊಂದನ್ನೂ ಹೀಗೇ ಹೇಳಬೇಕು ಎಂದುಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ.

"ನನಗೆ ವಾಸನೆ ಬರ್ತಿಲ್ಲ."

ಯಾರಿಗೂ ಆಶ್ಚರ್ಯವಾಗಲಿಲ್ಲ. ಇವರು ನೆಲ ನೋಡಿದರು. ಅತ್ತೆ ಮಾತ್ರ ದಿಂಬಿಗೆ ಒರಗಿಕೊಂಡು "ಅಂತೂ ಬಾಯಿ ಬಿಟ್ಳಪ್ಪ" ಎಂದರು.

"ನಿಮಗೆ ಗೊತ್ತಿತ್ತಾ?"

"ಸೀದ ಕಾಫೀನ ಒಂಬತ್ತು ತಿಂಗಳು ಕುಡಿದೋಳು ನಾನು. ಗೊತ್ತಾಗ್ದೆ ಇರುತ್ತಾ?"

"ಹೇಳ್ಬಾರ್ದಿತ್ತಾ?"

"ಗಾದೆಯಲ್ಲಿ ಹೇಳ್ದೆ, ನೀನು ಗಾದೇನೂ ಅನುಮಾನದಿಂದ ನೋಡ್ದೆ. ಇವಳು ಬಿಡಿಸಿ ಹೇಳೋಕೆ ಬಂದ್ಲು, ಬೈಸ್ಕೊಂಡು ಹೋದ್ಲು. ಮನೆಯ ಮೂಗಿಗೆ ಮೂಗಿಲ್ಲ ಅನ್ನೋಕೆ ಯಾರಿಗೆ ಗುಂಡಿಗೆ ಇದೆ ಹೇಳು?"

ನಾನು ಬಾಗಿಲ ಕಡೆ ತಿರುಗಿದೆ. "ಆ ಮೀನು?"

"ಕೆಟ್ಟಿತ್ತು ಅಕ್ಕಾ" ಎಂದಳು ಚಿಕ್ಕವಳು. "ಒರೆಸೋಕೂ ಆಗ್ತಿರ್ಲಿಲ್ಲ, ಅಷ್ಟು ನಾತ. ನೀವು ಕಳಿಸು ಅಂದ್ಬಿಟ್ರಿ. ಎಲ್ಲರ ಮುಂದೆ ಬೇಡ ಅನ್ನೋಕಾಗುತ್ತಾ? ಅದಕ್ಕೇ ಕೈ ಜಾರಿಸ್ದೆ."

"ಜಾಡಿ?"

"ಕಡ್ಡಿ ಮೇಲೆ ಬಂದು ಬೂಷ್ಟು ಹಿಡಿದಿತ್ತು. ಅದೊಂದೇ ಅಕ್ಕಾ. ಉಳಿದ ಜಾಡಿಯೆಲ್ಲ ಘಮ್ಮಂತಿವೆ."

"ಕುಂಡ?"

"ಅದು ನಾನು ಹೇಳಿದ್ದು" ಎಂದರು ಅತ್ತೆ. "ಪಾತೀಲಿ ನೀರು ನಿಲ್ತಿತ್ತು, ಬೇರು ಕೊಳೆತ್ರೆ ಎಲ್ಲಿ ಹೋಗೋದು? ಒಂದು ಮೂಲೆಯಿಂದ ಸ್ವಲ್ಪ ತೆಗೆದು ಬಿಸಿಲಲ್ಲಿ ಇಡು ಅಂದೆ. ನಿನಗೂ ಹೇಳಿದ್ದೆ. ಆಗ ನೀನು ಜ್ವರದಲ್ಲಿ 'ಹೂಂ' ಅಂದೆ."

ಚಿಕ್ಕವಳು ಅಳುತ್ತಿದ್ದಳು. ಅಳುತ್ತಲೇ "ಅದನ್ನೂ ಕಿತ್ತುಬಿಡ್ತೀರಾ ಅಂತ ದಿನಾ ಹತ್ತಿ ನೋಡ್ತಿದ್ದೆ ಅಕ್ಕಾ" ಎಂದಳು. ಸಾಕ್ಷಿಗೆಂದು ಉಳಿಸಿದ್ದೆ ಎನ್ನಲಾಗಲಿಲ್ಲ.

"ಹಾಗಾದ್ರೆ ತಿರುವು ದಾಟ್ತಾ?" ಎಂದ ಮೈದುನ. ಇವರು ಅವನ ಬೆನ್ನಿಗೊಂದು ಗುದ್ದಿದರು. ಈ ಸಲ ಅತ್ತೆ ನಕ್ಕರು.

ಪೆಟ್ಟಿಗೆಯನ್ನು ನಾನೇ ಬಿಚ್ಚಿದೆ. ಸೀರೆಗಳನ್ನು ಬೀರುವಿಗೆ ಜೋಡಿಸುವಾಗ ಹೊಳೆಯಿತು: ಎಲ್ಲರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಮೊದಲಿನಿಂದ ಅನ್ನಿಸುತ್ತಿತ್ತು. ಅಷ್ಟಾದರೂ ಸರಿಯಾಗಿತ್ತು.

ಅಕ್ಟೋಬರ್ ೧೧

ಡಾಕ್ಟರು ಮೂಗಿನೊಳಗೆ ದೀಪ ಹಾಕಿ ನೋಡಿದರು. ಕೆಲವರಿಗೆ ನೆಗಡಿಯಾದ ಮೇಲೆ ಹೀಗಾಗುತ್ತದಂತೆ. ವಾಸನೆ ಮರಳಬಹುದು, ಮರಳದೆಯೂ ಇರಬಹುದು. ಇಷ್ಟು ಹೇಳಲು ದೀಪ ಯಾಕೆ ಬೇಕಿತ್ತೋ.

ಪಾತಿಯ ಕಾಡುಗಿಡವನ್ನು ಇಬ್ಬರೂ ಸೇರಿ ಕಿತ್ತೆವು. ಉದುರಿದ ಬೀಜ ಮುಂದಿನ ವರ್ಷವೂ ಮೊಳೆಯುತ್ತದೆ ಎಂದಳು ಚಿಕ್ಕವಳು. ಮೊಳೆತಾಗ ಕೀಳೋಣ ಎಂದೆ. ಕುಂಡದ ಬೇರನ್ನು ಈಗ ಮುಟ್ಟುವುದು ಬೇಡ, ಚಳಿ ಕಳೆಯಲಿ ಎಂದು ಅತ್ತೆಯ ಅಪ್ಪಣೆ.

ಡಿಸೆಂಬರ್ ೨೨

ಕುಂಡ ಖಾಲಿ ಕಾಣುತ್ತದೆ. ಬರಿ ಮಣ್ಣು. ಚಿಕ್ಕವಳು ಒಣಹುಲ್ಲು ಹೊದಿಸಿದ್ದಾಳೆ.

ಮಧ್ಯಾಹ್ನ ಹಳೆಯ ಕಾದಂಬರಿ ಮತ್ತೆ ಓದಿದೆ. ಊಟದ ದೃಶ್ಯ ಚಿಕ್ಕದೇ. ಮೂಲ ಭಾಷೆ ನನಗೆ ಬಾರದು. ಅದು ಅಲ್ಲಿಯೂ ಚಿಕ್ಕದಾಗಿರಬಹುದು.

ಮಾರ್ಚ್ ೧೬

ಚಿಗುರು ಬಂತು. ಕುಂಡ ಮಗುಚಿ, ಬೇರು ಬಿಡಿಸಿ ಪಾಲು ಮಾಡಿದೆವು. ಮಹಡಿಯ ಕಿಟಕಿಯಿಂದ ಅತ್ತೆ "ಅಷ್ಟು ಸಣ್ಣ ತುಂಡು ಮಾಡ್ಬೇಡ್ರೇ! ಅದೇನು ಈರುಳ್ಳೀನಾ?" ಎಂದು ಕೂಗುತ್ತಲೇ ಇದ್ದರು. ಪಾತಿಯ ಮಣ್ಣಿಗೆ ಮರಳು ಬೆರೆಸಿ ಎತ್ತರಿಸಿದೆವು, ಇನ್ನು ನೀರು ನಿಲ್ಲುವುದಿಲ್ಲ. ಒಂದು ತುಂಡನ್ನು ಮತ್ತೆ ಕುಂಡಕ್ಕೇ ಹಾಕಿದೆವು. ಅದನ್ನು ತಾರಸಿಗೆ ಹೊತ್ತುಕೊಂಡು ಹೋಗಿ ಟ್ಯಾಂಕಿನ ಮುಂದೆ ಇಟ್ಟೆ. ಅಲ್ಲಿ ಬಿಸಿಲು ಹೆಚ್ಚು.

ಮೇ ೫

ಗಡಿಯಾರದವರನ್ನು ಇವರು ಅಂಗಡಿಗೆ ಹೋಗಿ ಕರೆದುಕೊಂಡು ಬಂದರು. ಈ ವರ್ಷದ ಮೊದಲ ಸೊಪ್ಪು, ಮೊಟ್ಟೆಗೆ.

ತಟ್ಟೆಯನ್ನು ಅಭ್ಯಾಸಬಲದಿಂದ ಮೂಗಿಗೆ ಹಿಡಿದೆ. ಬಿಸಿ ತಾಗಿತು, ಮತ್ತೇನಿಲ್ಲ. ಚಿಕ್ಕವಳ ಕಡೆ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಹಿಡಿ. ಹೇಗಿದೆ ಹೇಳು."

"ಚೆನ್ನಾಗಿದೆ ಅಕ್ಕಾ."

"ಚೆನ್ನಾಗಿದೆ ಅಂದ್ರೆ ನನಗೇನು ಗೊತ್ತಾಗ್ಬೇಕು? ಹೇಗೆ ಚೆನ್ನಾಗಿದೆ?"

ಅವಳು ಕಣ್ಣು ಮುಚ್ಚಿಕೊಂಡಳು. "ಮೊದ್ಲು ಬೆಣ್ಣೆ. ಅದರ ಹಿಂದೆ ಸೋಂಪು, ಆದ್ರೆ ಡಬ್ಬೀಲಿರೋ ಸೋಂಪಲ್ಲ. ಯಾರೋ ಸೋಂಪು ಅಗಿದು, ಪಕ್ಕದ ಕೋಣೇಲಿ ನಗ್ತಿರೋ ಥರ. ಕೊನೇಲಿ ಚೂರು ಮೆಣಸು."

ಪಕ್ಕದ ಕೋಣೆಯಲ್ಲಿ ನಗುವುದಂತೆ. ಸ್ವಲ್ಪ ಸೇರಿಸಿ ಹೇಳುತ್ತಾಳೆ ಎಂದು ನನ್ನ ಅನುಮಾನ. ಆದರೆ ಹಾಗೆಯೇ ಇದ್ದದ್ದು ನೆನಪಾಯಿತು.

ಇವರು ಬಾಗಿಲಲ್ಲಿ ಕೈ ಚಾಚಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಸುಮ್ಮನಿದ್ದ ಕಾರಣ ಚಿಕ್ಕವಳೂ ನನ್ನ ಬಾಯಿಯನ್ನೇ ನೋಡತೊಡಗಿದಳು. ಮೊಟ್ಟೆ ಆರುತ್ತಿತ್ತು.

"ನನ್ನನ್ನೇನು ನೋಡ್ತೀಯ? ಹೇಳು."

"ಕಳಿಸಿ" ಎಂದಳು, ಬಾಯೊಳಗೇ.

"ಗಟ್ಟಿಯಾಗಿ ಹೇಳೇ. ಮಹಡಿಗೆ ಕೇಳ್ಬೇಕು."